ಬಿರಡೆಯ ಕೈ

ನಮ್ಮ ಗುಂಪಿನಲ್ಲಿ ಸಿಗ್ನಲ್ ದೀಪವನ್ನು ಯಾರೂ ನೋಡುವುದಿಲ್ಲ. ನನ್ನನ್ನು ನೋಡುತ್ತಾರೆ.

ಬೆಳಗಿನ ಐದೂವರೆಗೆ ಊರಿನ ದಕ್ಷಿಣದ ಅಂಚಿನ ಬೋಸಾ ಬಡಾವಣೆಯ ಚರ್ಚಿನ ಮುಂದೆ ಸೇರುತ್ತಿದ್ದೆವು, ಹತ್ತೊಂಬತ್ತು ಸೈಕಲ್. ಗಾರೆಯವರು, ಅಡುಗೆಯವರು, ಮನೆಗೆಲಸದವರು. ಏಳು ಗಂಟೆಯೊಳಗೆ ಬೊಗೊಟಾದ ಉತ್ತರದ ತುದಿ ಮುಟ್ಟಬೇಕಾದ ಜನ. ನಾನು ಅಲ್ಲಿನ ಹೋಟೆಲೊಂದರಲ್ಲಿ ಹಾಸಿಗೆ ಬಟ್ಟೆ ಇಸ್ತ್ರಿ ಮಾಡುವವಳು. ಒಬ್ಬೊಬ್ಬರೇ ಹೋದರೆ ಕಾಲುವೆ ಪಕ್ಕದ ಸಿಗ್ನಲ್ಲಿನಲ್ಲಿ ಕಳ್ಳರು ಕಾದಿರುತ್ತಾರೆ. ಕೆಂಪು ಬಿತ್ತು, ನೀವು ಕಾಲು ಊರಿದಿರಿ, ಮುಗಿಯಿತು. ಚಾಕು ಪಕ್ಕೆಗೆ, ಸೈಕಲ್ ಅವರ ಕೈಗೆ. ಸೈಕಲ್ಲಿನವರಿಗೆ ಕಾನೂನು ಗೊತ್ತಿಲ್ಲ ಎಂದು ಕಾರಿನ ಗಾಜು ಏರಿಸಿಕೊಂಡು ಉಪದೇಶ ಮಾಡುವ ಮಹನೀಯರು ಒಂದು ದಿನ ಅಲ್ಲಿ ನಿಂತು ನೋಡಲಿ.

ಅದಕ್ಕೇ ನಾವು ನಿಲ್ಲುತ್ತಿರಲಿಲ್ಲ. ನಾನು ಮುಂದೆ ಹೋಗಿ ಅಡ್ಡರಸ್ತೆಗೆ ಸೈಕಲ್ ಅಡ್ಡ ಇಟ್ಟು, ಕೈ ಎತ್ತಿ ವಾಹನ ತಡೆಯುತ್ತಿದ್ದೆ. ಎಲ್ಲರೂ ದಾಟುವರು. ಕೊನೆಗೆ ಟೈಲ್ಸ್ ಕೆಲಸದ ಓಲ್ಮೆದೊ “ಬಾಲ ಬಂತು” ಎಂದು ಕೂಗಿದರೆ ನಾನು ಹೊರಡಬೇಕು. ಸೀಸೆಯ ಬಾಯಿ ಮುಚ್ಚಿದ ಹಾಗೆ ರಸ್ತೆ ಮುಚ್ಚುವ ಈ ಕೆಲಸದವರನ್ನು ನಮ್ಮಲ್ಲಿ ಬಿರಡೆ ಅನ್ನುತ್ತಾರೆ. ಆರು ವರ್ಷದಿಂದ ಬಿರಡೆ ನಾನೇ.

ಯೂರಾನಿ ಫೆಬ್ರವರಿಯಲ್ಲಿ ಸೇರಿದಳು. ಇಪ್ಪತ್ತೆರಡರ ಹುಡುಗಿ, ಒಂದು ಕಚೇರಿಯ ಕ್ಯಾಂಟೀನಿನಲ್ಲಿ ಆಲೂಗಡ್ಡೆ ಸುಲಿಯುವ ಕೆಲಸ. ಕೆಂಪು ಕಂಡಲ್ಲೆಲ್ಲ ಬ್ರೇಕ್ ಹಿಡಿಯುತ್ತಿದ್ದಳು.

“ಏನೇ, ದೀಪಕ್ಕೆ ಹರಕೆ ಹೊತ್ತಿದ್ದೀಯಾ?” ಎಂದು ಓಲ್ಮೆದೊ ಛೇಡಿಸಿದ.

“ಅಮ್ಮನಿಗೆ ಮಾತು ಕೊಟ್ಟಿದ್ದೀನಿ ಅಣ್ಣ, ಕೆಂಪಿಗೆ ನಿಲ್ತೀನಿ ಅಂತ.”

“ಚಾಕು ಹಾಕಕ್ಕೆ ಬಂದ್ರೆ ನಿಮ್ಮಮ್ಮ ಬಂದು ತಡೀತಾಳಾ?” ಎಂದವಳು ನಾನು. “ನೀನು ನಿಂತ್ರೆ ಹಿಂದಿನವರೂ ನಿಲ್ಬೇಕು. ದೀಪ ನೋಡ್ಬೇಡ. ನನ್ನ ಕೈ ನೋಡು.”

ಎರಡು ವಾರದಲ್ಲಿ ಕಲಿತಳು. ಕಲಿಸಿದವಳು ನಾನೇ. ಆಮೇಲೆ ಹೇಳುವ ಮಾತಲ್ಲ ಇದು, ಈಗಲೇ ಹೇಳಿಬಿಡುತ್ತೇನೆ.

ಜೂನ್ ತಿಂಗಳ ಒಂದು ಮಂಗಳವಾರ ಕಾಲುವೆ ಸಿಗ್ನಲ್ಲಿಗೆ ಐವತ್ತು ಹೆಜ್ಜೆ ಇರುವಾಗ ಅವಳ ಸೈಕಲ್ಲಿನ ಚೈನ್ ಕಳಚಿತು. ಜೊತೆಗೆ ನಿಂತ ಓಲ್ಮೆದೊಗೆ “ನೀವು ಹೋಗಿ ಅಣ್ಣ, ಬಂದೇಬಿಟ್ಟೆ” ಎಂದಳಂತೆ. ಅವನು ಬಂದು “ಬಾಲ ಬಂತು” ಎಂದು ಕೂಗಿ ನನ್ನನ್ನು ದಾಟಿ ಹೋದ. ನಾನು ಎಣಿಸಿದ್ದೆ, ಹದಿನೇಳು. ನನ್ನನ್ನು ಬಿಟ್ಟು ಹದಿನೆಂಟು ಆಗಬೇಕಿತ್ತು. ಅಷ್ಟರಲ್ಲಿ ನಾನು ತಡೆದು ನಿಲ್ಲಿಸಿದ್ದ ಬಸ್ಸಿನ ಡ್ರೈವರ್ ಹಾರ್ನ್ ಒತ್ತಿ ಹಿಡಿದು, “ರಸ್ತೆ ಏನು ನಿಮ್ಮಪ್ಪಂದಾ, ಮುದುಕಿ?” ಎಂದ. ನನಗೆ ಐವತ್ತೊಂದು. ಪಿತ್ತ ನೆತ್ತಿಗೇರಿತು. ಆ ವಾರ ಆಗಲೇ ಎರಡು ಸಲ ಕೆಲಸಕ್ಕೆ ತಡವಾಗಿ ಹೋಗಿ ಬೈಸಿಕೊಂಡಿದ್ದೆ. “ಹೋಗು, ಹಾಳಾಗಿ ಹೋಗು” ಎಂದು ಸೈಕಲ್ ಪಕ್ಕಕ್ಕೆ ಎಳೆದೆ.

ತಿರುಗಿದರೆ ಯೂರಾನಿ ಬರುತ್ತಿದ್ದಳು. ಅವಳ ಕಡೆಗೆ ಕೆಂಪು ಇತ್ತು. ಬಸ್ಸು ಇನ್ನೂ ಅಲುಗಿರಲಿಲ್ಲ, ಅವನು ಬೈಯುವುದರಲ್ಲೇ ಇದ್ದ. ಆರು ವರ್ಷದ ಅಭ್ಯಾಸ, ನನ್ನ ಕೈ ತಾನಾಗಿ ಮೇಲೆದ್ದು ಬಾ ಬಾ ಎಂದಿತು. ಅವಳು ಜೋರಾಗಿ ತುಳಿದಳು. ಬಸ್ಸಿನ ಆಚೆ ಬದಿಯಿಂದ ಆಲೂಗಡ್ಡೆ ಲಾರಿ ಬರುತ್ತಿದ್ದದ್ದು ನನಗೂ ಕಾಣಲಿಲ್ಲ, ಅವಳಿಗೂ ಕಾಣಲಿಲ್ಲ.

ಲಾರಿಯವನ ಕಡೆಗೆ ಹಸಿರು ಇತ್ತು. ಎವೆಲಿಯೊ ಎಂದು ಅವನ ಹೆಸರು, ತುಂಹಾ ಊರಿನ ಕಡೆಯವನು. ಇಳಿದು ಬಂದು ಅವಳ ಪಕ್ಕದಲ್ಲಿ ಕೂತು, ತನ್ನ ಉಣ್ಣೆ ಹೊದಿಕೆ ತೆಗೆದು ಅವಳಿಗೆ ಹೊದಿಸಿ, “ಏಳಮ್ಮ, ಏಳಮ್ಮ” ಅನ್ನುತ್ತಲೇ ಇದ್ದ. ಪೊಲೀಸರು ಬಂದು ಏನಾಯಿತೆಂದು ಕೇಳಿದಾಗ “ಲಾರಿಯವನು ಕೆಂಪಿಗೆ ನುಗ್ಗಿದ” ಎಂಬ ಮಾತು ಮೊದಲು ಹೊರಟದ್ದು ನನ್ನ ಬಾಯಿಂದ. ಮುಂದೆ ಹೋಗಿ ವಾಪಸ್ ಬಂದಿದ್ದ ನಮ್ಮವರು, ಏನನ್ನೂ ಕಾಣದವರು, ಅದನ್ನೇ ಹೇಳಿದರು. ಬಸ್ಸಿನವನು ಆಗಲೇ ಜಾಗ ಖಾಲಿ ಮಾಡಿದ್ದ. ಆ ಮೂಲೆಯ ಕ್ಯಾಮೆರಾ ಕೆಟ್ಟು ವರ್ಷವಾಗಿತ್ತು. ಎವೆಲಿಯೊನನ್ನು ಜೈಲಿಗೆ ಹಾಕಿದರು.

ರಸ್ತೆಯಲ್ಲಿ ಸತ್ತ ಸೈಕಲ್ಲಿನವರಿಗೆ ಮಾಡುವ ಹಾಗೆ, ಅವಳ ಸೈಕಲ್ಲಿಗೆ ಬಿಳಿ ಬಣ್ಣ ಬಳಿದು ಆ ಸಿಗ್ನಲ್ ಕಂಬಕ್ಕೆ ಸರಪಳಿ ಹಾಕಿ ಕಟ್ಟಿದೆವು. ಮರುದಿನದಿಂದ ಮತ್ತೆ ಅಲ್ಲೇ ಬಿರಡೆಯಾಗಿ ನಿಂತೆ. ನನ್ನ ಮೇಲೆ ನನಗೇ ಅಸಹ್ಯ ಹುಟ್ಟುತ್ತಿತ್ತು, ಆದರೂ ನಿಂತೆ.

ಐದನೆಯ ವಾರ ಸಮನ್ಸ್ ಬಂತು. ಗುರುವಾರ ನ್ಯಾಯಾಧೀಶರ ಮುಂದೆ ನಾನು ಸಾಕ್ಷಿ. ಓಲ್ಮೆದೊ ಇಸ್ತ್ರಿ ಕೋಣೆಯ ಬಾಗಿಲಿಗೇ ಬಂದ.

“ಅಕ್ಕ, ಸುಮ್ನಿದ್ಬಿಡಿ. ನೀವು ಬಾಯಿಬಿಟ್ರೆ ನಮ್ಮ ಗುಂಪನ್ನೇ ನಿಲ್ಲಿಸ್ತಾರೆ. ಆಮೇಲೆ ಕಾಲುವೆ ಹತ್ರ ನಮ್ಮನ್ನ ಯಾರು ಕಾಯ್ತಾರೆ?”

“ಆ ಲಾರಿಯವನ ಗತಿ?”

“ಅವನು ನಮಗೇನಾಗ್ಬೇಕು?” ಎಂದ. ಕೆಟ್ಟವನಲ್ಲ ಓಲ್ಮೆದೊ. ಎರಡು ಸಲ ಚಾಕು ತಿಂದ ಹೊಟ್ಟೆ ಅವನದು.

ಬುಧವಾರ ಮಧ್ಯಾಹ್ನ ಯೂರಾನಿಯ ತಾಯಿ ಇಸ್ಮೇನಿಯಾರ ಮನೆಗೆ ಹೋದೆ. ಬಿಸಿ ಬೆಲ್ಲದ ನೀರು ಕೊಟ್ಟರು. ಕುಡಿಯಲಾಗಲಿಲ್ಲ.

“ಅರಸೆಲಿ ಅಕ್ಕ, ಅವತ್ತು ಅವಳ ಹತ್ರ ಇದ್ದವರು ನೀವೊಬ್ಬರೇ,” ಎಂದರು. “ಅವಳು ಕೆಂಪಿಗೆ ನಿಂತಿದ್ಲು ತಾನೆ? ನನಗೆ ಮಾತು ಕೊಟ್ಟಿದ್ಲು.”

“ಇಲ್ಲಮ್ಮ. ಕೆಂಪಲ್ಲೇ ದಾಟಿದ್ಲು. ನಾನು ಬಾ ಅಂತ ಕೈ ಮಾಡಿದೆ.”

ಅವರು ನನ್ನ ಕೈಯನ್ನೇ ನೋಡಿದರು. ಲೋಟ ಹಿಡಿದಿದ್ದ ಆ ಕೈಯನ್ನು ಎಲ್ಲಿಡಬೇಕೆಂದು ನನಗೆ ತಿಳಿಯಲಿಲ್ಲ.

“ಹೆದರಿದ್ಲಾ?”

“ಇಲ್ಲ. ನಗ್ತಾ ಬಂದ್ಲು.”

ಲೋಟವನ್ನು ನನ್ನ ಕೈಯಿಂದ ತೆಗೆದುಕೊಂಡು, “ನಾಳೆ ಅಲ್ಲೂ ಇದನ್ನೇ ಹೇಳಿ,” ಎಂದರು. “ಆ ಮನುಷ್ಯನ ಮನೇಲೂ ಕಾಯ್ತಿರ್ತಾರೆ. ಹೇಳಿದ್ಮೇಲೆ ಈ ಬಾಗಿಲಿಗೆ ಮಾತ್ರ ಬರಬೇಡಿ ಅಕ್ಕ. ನಿಮ್ಮ ಮುಖ ನೋಡೋ ಶಕ್ತಿ ನನಗಿಲ್ಲ.”

ಗುರುವಾರ ಹೇಳಿದೆ, ಕೈ ಎತ್ತಿದ್ದು, ಸುಳ್ಳು ಹೇಳಿದ್ದು ಎರಡನ್ನೂ. ಎವೆಲಿಯೊನನ್ನು ಬಿಟ್ಟರು. ಕೋರ್ಟಿನ ಬಾಗಿಲ ಬಳಿ ಅವನು ನನ್ನನ್ನು ನೋಡಲಿಲ್ಲ, ಯಾಕೆ ನೋಡಬೇಕು? ನನ್ನ ಮೇಲೆ ಈಗ ಬೇರೆ ಕೇಸು ಇದೆ.

ಶುಕ್ರವಾರ ಬೆಳಿಗ್ಗೆ ಚರ್ಚಿನ ಮುಂದೆ ಯಾರೂ ನನ್ನನ್ನು ಮಾತಾಡಿಸಲಿಲ್ಲ. ಹೊರಟೆವು. ಕಾಲುವೆ ಹತ್ತಿರ ಬಂದಾಗ ಕೆಂಪು ಬಿತ್ತು. ನಾನು ಅಡ್ಡರಸ್ತೆಗೆ ಹೋಗಲಿಲ್ಲ. ಬಿಳಿ ಸೈಕಲ್ಲಿನ ಪಕ್ಕದಲ್ಲಿ ಕಾಲು ಊರಿ ನಿಂತೆ. ಬೈದುಕೊಂಡಾದರೂ ನನ್ನನ್ನು ದಾಟಿ ಹೋಗುತ್ತಾರೆ ಅಂದುಕೊಂಡಿದ್ದೆ. ಹಿಂದೆ ಒಂದೊಂದೇ ಬ್ರೇಕ್ ಸದ್ದು ಕೇಳಿತು, ಹದಿನೇಳೂ ನಿಂತವು.

ಕಾಲುವೆಯ ಗೋಡೆ ಮೇಲೆ ಕೂತಿದ್ದ ಮೂವರು ಕೆಳಗಿಳಿದು ನಮ್ಮ ಕಡೆ ನಡೆದು ಬಂದರು. ಒಬ್ಬನ ಕೈ ಜಾಕೆಟ್ಟಿನೊಳಗಿತ್ತು.

“ಅಕ್ಕ, ಕೈ ಎತ್ತಿ,” ಎಂದು ಓಲ್ಮೆದೊ ಪಿಸುಗುಟ್ಟಿದ. “ಕೈ ಎತ್ತಿ ಅಕ್ಕ.”

ನಾನು ಎರಡೂ ಕೈಯಲ್ಲಿ ಹ್ಯಾಂಡಲ್ ಹಿಡಿದುಕೊಂಡೆ. ದೀಪ ಇನ್ನೂ ಕೆಂಪಾಗಿಯೇ ಇತ್ತು.