ಬಾಯಿಗೆ ಬಿಟ್ಟದ್ದು

ಸ್ವಾಮಿ ಬ್ರಾಂದಿ ಬಾಟಲಿಯ ಮುಚ್ಚಳ ತಿರುಗಿಸುವಷ್ಟರಲ್ಲಿ ಶ್ವೇತ ಅವನ ಕೈ ಹಿಡಿದಳು.

"ಬೇಡ ಸ್ವಾಮಿ."

ಬೈರಾಪಟ್ಟಣದ ಹೊಲದ ಮೂಲೆಯಲ್ಲಿ ಗುಂಡಿ ತೋಡಿ ಆಗಿತ್ತು. ಪಕ್ಕದಲ್ಲೇ ಚಟ್ಟದ ಮೇಲೆ ಅವಳ ಗಂಡ ದೇವರಾಜು. ಬಿಡದಿಯ ಕಾರ್ಖಾನೆಯಲ್ಲಿ ಬಾಗಿಲುಗಳಿಗೆ ಬಣ್ಣ ಹೊಡೆಯುತ್ತಿದ್ದವನು. ಸತ್ತವರಿಗೆ ಇಷ್ಟವಾದದ್ದನ್ನು ಬಾಯಿಗೆ ಬಿಟ್ಟು ಮಣ್ಣು ಮಾಡುವುದು ಆ ಮನೆಯವರ ಪದ್ಧತಿ. ಲಿವರ್ ಹೋಗಿ ಸತ್ತವನಿಗೆ ಏನಿಷ್ಟವಿತ್ತೆಂದು ಯಾರೂ ಅವಳನ್ನು ಕೇಳಿರಲಿಲ್ಲ.

"ಅತ್ಗೆ, ಅಣ್ಣ ನಮ್ಮ ಕಣ್ಮುಂದೆ ಕುಡೀತಿರ್ಲಿಲ್ಲ, ನಿಜ. ಮರೇಲಿ..."

"ಮರೇಲೂ ಇಲ್ಲ. ಕುಡಿಯೋನು ನೀನು."

ಬದುವಿನ ಮೇಲೆ ಯಾರೋ ಕಿಸಕ್ಕನೆ ನಕ್ಕರು. ದೇವರಾಜುವಿನ ದೊಡ್ಡಪ್ಪ ಬೋರಲಿಂಗಯ್ಯ ಕೆಮ್ಮಿ ಮುಂದೆ ಬಂದ.

"ಓದಿರೋಳು ಕಣವ್ವ ನೀನು. ಕುಡೀದೆ ಲಿವರ್ ಎಂಗೋಯ್ತದೆ? ಲೇ ಸ್ವಾಮಿ, ಒಸಿ ಬುಡ್ಲಾ. ಮಣ್ಣಾಗೋನ್ಗೆ ಯಾತರ ನಾಚ್ಕೆ?"

ಉತ್ತರ ಅವಳ ನಾಲಿಗೆಯ ಮೇಲೇ ಇತ್ತು. ಅದನ್ನು ಆಡಿದರೆ ಊರಿನ ಕಣ್ಣೆಲ್ಲ ಹೆಂಗಸರ ನಡುವೆ ಕೂತ ಅತ್ತೆಯ ಮೇಲೆ ಬೀಳುತ್ತಿತ್ತು.

*

ಬೆಂಗಳೂರಿನ ಡಾಕ್ಟರು ಮನೆಯವರೆಲ್ಲರ ರಕ್ತ ನೋಡಿದ್ದರು. ದೇವರಾಜುವಿನ ಲಿವರ್ ತಿನ್ನುತ್ತಿದ್ದ ವೈರಸ್ಸು ಹೆರಿಗೆಯಲ್ಲೇ ತಾಯಿಯಿಂದ ಬಂದದ್ದು ಎಂದರು. ಸ್ವಾಮಿಗೂ ತಗುಲಿತ್ತಂತೆ. ಅವನ ಮೈ ಅದನ್ನು ಹೊರಗಟ್ಟಿತ್ತು.

"ಒಂದೇ ಹೊಟ್ಟೆಯ ಮಕ್ಕಳು. ಇವರಿಗೆ ಮಾತ್ರ ಯಾಕೆ ಉಳಿಯಿತು?" ಶ್ವೇತ ಕೇಳಿದ್ದಳು.

"ರೋಗದ ಗುರುತು ಹಿಡಿಯುವ ಜೀನುಗಳು ಅಣ್ಣತಮ್ಮಂದಿರಲ್ಲೂ ಒಂದೇ ಥರ ಇರೋಲ್ಲಮ್ಮ. ಅದೊಂದು ಕಾರಣ ಇರಬಹುದು. ನಮಗೂ ಪೂರ್ತಿ ಗೊತ್ತಿಲ್ಲ."

ಹೊರಗೆ ಬೆಂಚಿನ ಮೇಲೆ ಅತ್ತೆ ಕಿತ್ತಲೆ ಸುಲಿಯುತ್ತಿದ್ದಳು. ದೇವರಾಜು ಹೆಂಡತಿಯ ಕಿವಿಯಲ್ಲಿ ಹೇಳಿದ: "ಅವ್ವಂಗೆ ಹೇಳ್ಬ್ಯಾಡ ಕಣೆ. ನನ್ನ ಹೆತ್ತಿದ್ದೇ ತಪ್ಪು ಅಂದ್ಕಬುಡ್ತಳೆ."

*

"ನನ್ನ ಗಂಡ ಕುಡಿದು ಸಾಯಲಿಲ್ಲ," ಎಂದಳು ಶ್ವೇತ. ಅಳು ಬರಲಿಲ್ಲ.

"ಮತ್ತೆ ಕಾಯ್ಲೆ ಎಲ್ಲಿಂದ ಬಂತವ್ವ? ನಿನ್ನ ತವರಿಂದ್ಲಾ?" ಬೋರಲಿಂಗಯ್ಯ ಹಂಗಿಸಿದ.

"ಹೌದು ಅಂದ್ಕೊಳ್ಳಿ. ನನ್ನಿಂದಲೇ ಬಂತು. ಬಾಟಲಿ ಮಾತ್ರ ಆಚೆ ಹೋಗಲಿ."

"ಸುಳ್ಳು!"

ಅತ್ತೆ ಮುನಿಯಮ್ಮ ಎದ್ದಿದ್ದಳು. ಹಾಲಿನ ಚೊಂಬು ಹಿಡಿದು, ಹೆಂಡತಿಯೊಬ್ಬಳನ್ನು ಬಿಟ್ಟು ಬೇರೆ ಹೆಂಗಸರು ದಾಟದ ಬದುವನ್ನು ದಾಟಿ ನೇರ ಗುಂಡಿಯ ಬಳಿಗೆ ಬಂದಳು.

"ಅವಳ ಮ್ಯಾಲ್ಯಾಕೆ ಬೀಳ್ತೀಯ ಭಾವ? ನನ್ನಿಂದ ಬಂದಿದ್ದು. ಹೆತ್ತಾಗ್ಲೇ. ಬೆಂಗ್ಳೂರಲ್ಲಿ ರಕ್ತ ತಗಂಡ ನರ್ಸಮ್ಮನ್ನ ಅವತ್ತೇ ಕೇಳಿ ತಿಳ್ಕಂಡೆ. ಇಬ್ರಿಗೂ ಕೊಟ್ಟೆ. ಈ ಕುಡುಕ ಅರಗಿಸ್ಕಂಡ, ನನ್ನ ಚಿನ್ನದಂಥೋನ ಕೈಲಿ ಆಗ್ನಿಲ್ಲ. ಬೇಕೂಂತ ಕೊಟ್ನ ನಾನು? ಯಾವನಿಗಾದ್ರೂ ಕೇಳೋದಿದ್ರೆ ಮುಂದಕ್ಕೆ ಬರ್ಲಿ!"

ಯಾರೂ ಬರಲಿಲ್ಲ. ಬೋರಲಿಂಗಯ್ಯ ಒಂದು ಹೆಜ್ಜೆ ಹಿಂದೆ ಸರಿದ.

"ಅತ್ತೆ..."

"ಸುಮ್ಕಿರು ಮಗ. ಅವನ ತಲೆ ಒಸಿ ಎತ್ತು."

ಶ್ವೇತ ಗಂಡನ ತಲೆಯನ್ನು ತೊಡೆಗೆ ತೆಗೆದುಕೊಂಡಳು. ಮುನಿಯಮ್ಮ ಬಿಗಿದ ತುಟಿಗಳನ್ನು ಬೆರಳಿಂದ ಬಿಡಿಸಿ ಹಾಲು ಬಿಟ್ಟಳು. ಅದು ಒಳಗಿಳಿಯದೆ ಗಲ್ಲದ ಮೇಲೆ ಹರಿಯಿತು. ಸ್ವಾಮಿ ಬಗ್ಗಿ ಬರಿಗೈಯಲ್ಲಿ ಅದನ್ನು ಒರೆಸಿದ. ಬದುವಿನಾಚೆಗೆ ಸರಿದು, ಚಟ್ಟ ಹೊತ್ತು ತಂದಿದ್ದ ಗಂಡಸರು ರೋಗ ಅಂಟಿದಂತೆ ತಮ್ಮ ಅಂಗೈಗಳನ್ನು ಪಂಚೆಗೆ ತಿಕ್ಕಿಕೊಳ್ಳುತ್ತಿದ್ದರು, ಮತ್ತೆ ಮತ್ತೆ.