ನೀಲಿಗಟ್ಟಿದ ಡಿಸ್ಕ್

ಕಟಕ್ ಅಂತ ಬಿಟ್ಟಿತು ಕೊನೆಯ ನಟ್ಟು, ಸ್ಪ್ಯಾನರಿನ ಹಿಡಿಯ ಮೇಲೆ ಕಾಲಿಟ್ಟು ಮೈಭಾರವನ್ನೆಲ್ಲ ಹೇರಿದ ಮೇಲೆ, ದವಡೆ ಹಲ್ಲು ಕೀಳುವಾಗ ತಲೆಯೊಳಗೇ ಕೇಳಿಸುತ್ತದಲ್ಲ ಅಂಥ ಸದ್ದು, ಇನ್ನು ಜಾಕು, ಚಕ್ರ ನೆಲದ ಮೇಲಿರುವಾಗಲೇ ನಟ್ಟು ಸಡಿಲಿಸಬೇಕು, ಎತ್ತಿದ ಮೇಲೆ ತಿರುವಲು ಹೋದರೆ ನಟ್ಟಿನ ಜೊತೆ ಚಕ್ರವೂ ಗಿರ್ರನೆ ತಿರುಗುತ್ತದೆ, ಇದನ್ನು ಹೇಳಿಕೊಟ್ಟವಳು ಅಮ್ಮ, ಅಗೋ ಬಾಗಿಲ ಪಕ್ಕ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಒಗೆದ ಕಾಲುಚೀಲಗಳಿಗೆ ಜೋಡಿ ಹುಡುಕುತ್ತಿದ್ದಾಳೆ, ಕರಿದಕ್ಕೆ ಕರಿದು, ಬೂದಿಬಣ್ಣದ್ದಕ್ಕೆ ಕಂದು, ಬಿಡಿಸುವುದು, ಮತ್ತೆ ಜೋಡಿಸುವುದು — ಈ ಊರಿನ ಅರ್ಧ ಜನಕ್ಕೆ ಕಾರು ಓಡಿಸಲು ಕಲಿಸಿದವಳು, ತಲೆಯ ಮೇಲೆ ಬೋರ್ಡು ಹೊತ್ತ ಆ ಹಳೆಯ ಕಾರು, ಅದರಲ್ಲಿ ಅಮ್ಮ ಕೂರುತ್ತಿದ್ದ ಕಡೆಯೂ ಒಂದು ಬ್ರೇಕು, ಕಲಿಯುವವರು ದಿಕ್ಕುಗೆಟ್ಟಾಗ ಅವಳು ಒತ್ತುವುದಕ್ಕೆ — ಬ್ಯಾಂಕಿನ ಮ್ಯಾನೇಜರಿನಿಂದ ಹಿಡಿದು ಬ್ಯಾಂಕಿನ ಕಾವಲುಗಾರನವರೆಗೆ ಎಲ್ಲರೂ ಬೈಸಿಕೊಂಡವರೇ, ಕಲಿಯದೆ ಉಳಿದವನು ಹೊಟ್ಟೆಯಲ್ಲಿ ಹುಟ್ಟಿದ ಅಣ್ಣ ಒಬ್ಬನೇ, ದೀಪದ ಬುಡದಲ್ಲೇ ಕತ್ತಲೆ, ಅವನು ಇವತ್ತು ಬರುತ್ತಾನೆ, ಬಸ್ಸಿನಲ್ಲಿ, ಸುಮ್ನೆ ನೋಡ್ಕೊಂಡು ಹೋಗೋಣ ಅಂತ ಕಣೇ ಎಂದ ಫೋನಿನಲ್ಲಿ, ಅಡ್ಡಗೋಡೆಯ ಮೇಲೆ ದೀಪ ಇಟ್ಟ ಮಾತು, ಮೇಲಿನ ಕೋಣೆಗೆ ಬಣ್ಣ ಹೊಡೆಸಿದ್ದಾನೆ ಎಂದು ಅತ್ತಿಗೆ ಮೊದಲೇ ಬಾಯಿಬಿಟ್ಟಿದ್ದಾಳೆ, ಅಮ್ಮನನ್ನು ಕರೆದೊಯ್ಯಲು ಬರುತ್ತಿದ್ದಾನೆ, ನನ್ನ ಉತ್ತರವೂ ತಯಾರಿದೆ — ಅಮ್ಮ ಇಲ್ಲೇ ಚೆನ್ನಾಗಿದ್ದಾಳೆ, ಮರೆವು ಸ್ವಲ್ಪ, ಅಷ್ಟು ಯಾರಿಗಿಲ್ಲ, ನಾನಿದ್ದೇನೆ — ಆದರೆ ಬ್ರೇಕು ಕಿರುಚುವ ಗಾಡಿಯಲ್ಲಿ ಅವನನ್ನು ಬಸ್ ನಿಲ್ದಾಣದಿಂದ ಕರೆತಂದರೆ, ಗಾಡಿಯನ್ನೇ ನೋಡ್ಕೊಳ್ಳಕ್ಕಾಗದೋಳು ಅಮ್ಮನ್ನ ಏನು ನೋಡ್ಕೋತೀಯ ಅಂತಾನು, ಅನ್ನದಿದ್ದರೂ ಅಂದುಕೊಂಡಾನು, ಅದಕ್ಕೇ ಇವತ್ತೇ ಈ ಕೆಲಸ, ಹಿಂದಿನ ಚಕ್ರಕ್ಕೆ ಇಟ್ಟಿಗೆ ಅಡ್ಡ ಕೊಟ್ಟಿದ್ದೇನೆ, ಕೊಟ್ಟಿದ್ದೇನೆ ತಾನೇ, ಬಗ್ಗಿ ನೋಡುತ್ತೇನೆ, ಕೊಟ್ಟಿದ್ದೇನೆ.

ಚಕ್ರ ಕಳಚಿ ಬಂತು, ಅದನ್ನು ಗಾಡಿಯ ಅಡಿಗೆ ಮಲಗಿಸಿದೆ, ಜಾಕು ಕೈಕೊಟ್ಟರೆ ನನ್ನ ಕೈಯ ಬದಲು ಅದರ ಮೇಲೆ ಬೀಳಲಿ, ಈಗ ಕಾಣುತ್ತಿದೆ ಎಲ್ಲ, ಊಟದ ತಟ್ಟೆಯಷ್ಟಗಲದ ಡಿಸ್ಕು, ಅದನ್ನು ಕಚ್ಚಿ ಹಿಡಿದ ಕ್ಯಾಲಿಪರು, ಏಡಿಯ ಕೊಂಡಿಯ ಹಾಗೆ, ಎರಡು ಬೋಲ್ಟು ಹಿಂದೆ, ಒಂದು ಸುಲಭಕ್ಕೆ ಬಂತು, ಇನ್ನೊಂದು ಬಡಪೆಟ್ಟಿಗೆ ಬಗ್ಗಲಿಲ್ಲ, ಎಣ್ಣೆ ಬಿಟ್ಟು ಕಾದೆ, ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಮತ್ತೆ ಎಳೆದೆ, ಬಂತು, ಕ್ಯಾಲಿಪರನ್ನು ಅದರ ರಬ್ಬರು ಕೊಳವೆಯಿಂದ ಜೋತುಬಿಡಬಾರದು, ತಂತಿ ಕಟ್ಟಿ ಸ್ಪ್ರಿಂಗಿಗೆ ತೂಗುಹಾಕಿದೆ, ಡಿಸ್ಕನ್ನು ಎರಡೂ ಕಡೆಯಿಂದ ಒತ್ತಿ ಹಿಡಿಯುವ ಪ್ಯಾಡುಗಳನ್ನು ಎಳೆದರೆ — ಇದೇನು, ಪ್ಯಾಡು ಎನ್ನುವುದೇ ಇಲ್ಲ, ಬರೀ ತಗಡು, ಬಿಸ್ಕತ್ತು ತಿಂದು ಕಾಗದ ಉಳಿಸಿದ ಹಾಗೆ, ಅಂಚಿನಲ್ಲಿ ಆ ಪುಟ್ಟ ಲೋಹದ ನಾಲಿಗೆ, ಪ್ಯಾಡು ಸವೆದಾಗ ಡಿಸ್ಕಿಗೆ ತಾಗಿ ಕಿರುಚುವುದಷ್ಟೇ ಅದರ ಕೆಲಸ, ಪಾಪ ಕಿರುಚಿ ಕಿರುಚಿ ಅದೂ ಸವೆದಿದೆ, ನಾನು ಕೇಳಿಸಿಕೊಂಡದ್ದು ಹೋದ ಭಾನುವಾರ, ವಾರಕ್ಕೊಮ್ಮೆ ದಿನಸಿಗೆ ಹೋಗುವಾಗ ಮಾತ್ರ ನಾನು ಗಾಡಿ ತೆಗೆಯುವುದು, ಆಸ್ಪತ್ರೆಗೆ ನಡೆದೇ ಹೋಗುತ್ತೇನೆ, ದಿನವಿಡೀ ಗಾಜಿನ ಈಚೆ ಕೂತು ಜನರ ಕಿವಿ ಪರೀಕ್ಷಿಸುತ್ತೇನೆ, ಸದ್ದು ಕೇಳಿದಾಗ ಗುಂಡಿ ಒತ್ತಿ ಎಂದರೆ ಕೆಲವರು ಸದ್ದೇ ಇಲ್ಲದಿರುವಾಗಲೂ ಒತ್ತುತ್ತಾರೆ, ಕೇಳಲಿಲ್ಲ ಎಂದು ಯಾರಿಗೂ ತೋರಿಸಿಕೊಳ್ಳಲು ಇಷ್ಟವಿಲ್ಲ — ಆದರೆ ಈ ಪ್ಯಾಡು ಹಾಕಿದ್ದು ಹೋದ ವರ್ಷ, ಹಾಕಿದವಳು ನಾನೇ, ವಾರಕ್ಕೊಮ್ಮೆ ಅಂಗಡಿಗೆ ಹೋಗಿಬಂದರೆ ಇಷ್ಟು ಸವೆಯುತ್ತದೆಯೇ, ಟಾರ್ಚು ಹಾಕಿ ನೋಡಿದೆ, ಡಿಸ್ಕಿನ ಮೇಲೆ ನೀಲಿ, ಅಲ್ಲಲ್ಲಿ ನೀಲಿ, ಕಾದು ಆರಿ ಕಾದು ಆರಿದ ಬಾಣಲೆಯ ತಳದಲ್ಲಿ ಬರುತ್ತದಲ್ಲ ಆ ನೇರಳೆ ಬೆರೆತ ನೀಲಿ, ಸುತ್ತ ಕೂದಲೆಳೆಯಂಥ ಬಿರುಕು, ಇದು ಒಂದು ಸಲ ಗಟ್ಟಿಯಾಗಿ ಒತ್ತಿದ ಗುರುತಲ್ಲ, ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ ಓಡಿಸಿದ ಗುರುತು, ಅಮ್ಮನ ಬಾಯಲ್ಲಿ ಎಷ್ಟು ಸಲ ಕೇಳಿದ್ದೇನೆ, ಬ್ರೇಕ್ ಏನು ಕಾಲ್ಮಣೇನೇನ್ರೀ, ಕಾಲಿಟ್ಕೊಂಡು ಕೂತ್ಕೊಳ್ಳೋಕೆ, ಮ್ಯಾನೇಜರಿಗೆ ಹೇಳಿದ್ದು, ಕಾವಲುಗಾರನಿಗೆ ಹೇಳಿದ್ದು, ನನಗೆ ಹೇಳಿದ್ದು.

ಟಾರ್ಚು ಆರಿಸಿದೆ, ಮತ್ತೆ ಹಚ್ಚಿದೆ, ನೀಲಿ ಹಾಗೇ ಇದೆ, ಯೋಚನೆ ಮಾಡುವುದೇನೂ ಉಳಿದಿಲ್ಲ, ಆದರೂ ತಲೆ ತನ್ನಷ್ಟಕ್ಕೆ ಒಂದೊಂದನ್ನೇ ಎತ್ತಿ ಇಡುತ್ತಿದೆ, ಹೋದ ತಿಂಗಳು ಗಾಡಿಗೆ ಹತ್ತಿದಾಗ ಮೊಣಕಾಲು ಸ್ಟಿಯರಿಂಗಿಗೆ ತಾಗಿದ್ದು, ಸೀಟು ಇಷ್ಟು ಮುಂದಿತ್ತೇ ಎಂದುಕೊಂಡು ಹಿಂದೆ ತಳ್ಳಿ ಮರೆತದ್ದು, ಅಮ್ಮ ನನಗಿಂತ ಕುಳ್ಳಿ, ಎದುರು ಮನೆಯ ಹೊಲಿಗೆಯಾಕೆ ಬಟ್ಟೆ ಕೊಡುವಾಗ, ನಿನ್ನೆ ರಜಾನಾ ನಿಮ್ಗೆ, ಗಾಡಿ ಹೊರಗಡೆ ಹೋಯ್ತಲ್ಲ ಎಂದದ್ದು, ಇಲ್ಲಪ್ಪ ಬೇರೆ ಯಾರದೋ ಇರ್ಬೇಕು ಎಂದು ನಾನೇ ಅವಳ ಬಾಯಿ ಮುಚ್ಚಿಸಿದ್ದು, ಬೀಗದ ಕೈ ಫ್ರಿಜ್ಜಿನ ಪಕ್ಕದ ಮೊಳೆಯಲ್ಲೇ ಇರುತ್ತದೆ, ಯಾವಾಗಲೂ ಅಲ್ಲೇ, ಮನೆಯಲ್ಲಿ ಯಾರಿಂದ ಬಚ್ಚಿಡಬೇಕು — ನಾನು ಈಗ ಗಾಡಿಯ ಮುಂದೆ ಮೊಣಕಾಲೂರಿದ್ದೇನೆ, ಬಂಪರಿನ ಮೇಲೆ ಅಂಗೈ ಸವರುತ್ತಿದ್ದೇನೆ, ಈ ತುದಿಯಿಂದ ಆ ತುದಿಗೆ, ದೀಪದ ಗಾಜು, ಅದರ ಸುತ್ತಿನ ಸಂದು, ನಂಬರ್ ಫಲಕದ ಕೆಳಗೆ, ಬಾನೆಟ್ಟಿನ ಅಂಚು, ಏನನ್ನು ಹುಡುಕುತ್ತಿದ್ದೇನೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿಲ್ಲ, ಗೀರಿಲ್ಲ, ತಗ್ಗಿಲ್ಲ, ಕಲೆಯಿಲ್ಲ, ಒಣಗಿದ ಒಂದು ಎಲೆ ಸಿಕ್ಕಿತು, ಅಷ್ಟೇ, ಎದ್ದು ಕೈ ಒರೆಸಿಕೊಂಡು ಅಮ್ಮನ ಹತ್ತಿರ ಹೋಗಿ ಕುಕ್ಕರಗಾಲಲ್ಲಿ ಕೂತೆ, ಅಮ್ಮ, ನಾನು ಕೆಲಸಕ್ಕೆ ಹೋದಾಗ ಗಾಡಿ ತೆಗೀತೀಯಾ, ತಲೆ ಎತ್ತಲಿಲ್ಲ, ತೆಗೀದಿದ್ರೆ ಆಗುತ್ತಾ, ಬೆಳಿಗ್ಗೆ ಪಾಠ ಇದೆಯಲ್ಲ, ಯಾರಿಗೆ ಪಾಠ ಅಮ್ಮ, ಇನ್ಯಾರಿಗೆ, ನನ್ನ ಮಗಳಿಗೆ, ಸ್ಟಿಯರಿಂಗ್ ಚೆನ್ನಾಗಿ ಹಿಡೀತಾಳೆ, ಕೈ ನಡುಗಲ್ಲ, ಆದ್ರೆ ಧೈರ್ಯ ಜಾಸ್ತಿ ನೋಡು, ಅದಕ್ಕೇ ನಾನು ಬ್ರೇಕ್ ಮೇಲಿಂದ ಕಾಲು ತೆಗೆಯೋದೇ ಇಲ್ಲ, ನೀನು ಯಾವ ಕಡೆ ಕೂತ್ಕೋತೀಯಮ್ಮ, ಈಗ ತಲೆ ಎತ್ತಿದಳು, ದಡ್ಡ ಶಿಷ್ಯರನ್ನು ನೋಡುವ ಅದೇ ನೋಟ, ಕಲಿಸೋರು ಎಲ್ಲಿ ಕೂತ್ಕೋತಾರೆ, ಪಕ್ಕದಲ್ಲಿ.

ಪಕ್ಕದಲ್ಲಿ. ಗೇರಿನ ಗೋಜಿಲ್ಲದ ಗಾಡಿ ಇದು, ಎರಡೇ ಪೆಡಲು, ಅಮ್ಮ ಒಬ್ಬಳೇ ಕೂತಾಗ ಬಲಗಾಲು ಓಡಿಸುತ್ತದೆ, ಎಡಗಾಲು ಬ್ರೇಕು ಬಿಡುವುದಿಲ್ಲ, ಹಾಗಾದರೆ ಅವಳ ಲೆಕ್ಕದಲ್ಲಿ ಬಲಗಾಲು ನಾನು, ಎಡಗಾಲು ಅಮ್ಮ, ಒಂದೇ ಸೀಟಿನಲ್ಲಿ ಇಬ್ಬರು, ಈ ಬೀದಿಗಳಲ್ಲಿ, ಶಾಲೆಯ ಮುಂದೆ, ಮಾರುಕಟ್ಟೆಯ ತಿರುವಿನಲ್ಲಿ, ನಾನು ಗಾಜಿನ ಈಚೆ ಕೂತು ಇನ್ಯಾರದೋ ಕಿವಿಗೆ ಸದ್ದು ಬಿಡುತ್ತಿದ್ದಾಗ — ಹಳೆಯ ಡಿಸ್ಕು ಕಚ್ಚಿಕೊಂಡಿದೆ, ತುಕ್ಕು ಅಂಟಿಸಿಬಿಟ್ಟಿದೆ, ಸುತ್ತಿಗೆ ಬೇಕು, ಡಿಸ್ಕನ್ನು ಒಂದೊಂದು ಪೆಟ್ಟಿಗೂ ಸ್ವಲ್ಪ ತಿರುವಿ ಹೊಡೆಯಬೇಕು, ಹೊಡೆದೆ, ಮತ್ತೆ ಹೊಡೆದೆ, ಬೇಕಾದದ್ದಕ್ಕಿಂತ ಒಂದೆರಡು ಜಾಸ್ತಿಯೇ ಹೊಡೆದೆನೇನೋ, ಢಣ್ ಎಂದು ಸಡಿಲವಾಯಿತು, ಅಮ್ಮ ಕಾಲುಚೀಲ ಕೆಳಗಿಟ್ಟು, ಮೆಲ್ಲಗೆ ಮಾರಾಯ್ತಿ, ಅದೇನು ನಿನ್ನ ವೈರೀನಾ ಎಂದಳು, ಅಷ್ಟು ಸರಿಯಾಗಿ, ಹಳೆಯ ಅಮ್ಮನ ಹಾಗೇ ಎಂದಳು, ನಗು ಬಂತು — ತಂತಿ ಬ್ರಷ್ಷಿನಿಂದ, ಡಿಸ್ಕು ಕೂರುವ ಹಬ್ಬಿನ ಮುಖ ಉಜ್ಜುತ್ತೇನೆ, ಒಂದು ಕಣ ತುಕ್ಕು ಉಳಿದರೂ ಹೊಸ ಡಿಸ್ಕು ಓರೆಯಾಗಿ ಕೂತು ಪೆಡಲು ನಡುಗುತ್ತದೆ, ಪ್ಯಾಡಿನ ಜೊತೆ ಡಿಸ್ಕನ್ನೂ ಬದಲಿಸಿ ಎಂದು ಅಂಗಡಿಯವನು ಕಟ್ಟಿಕೊಟ್ಟಿದ್ದ ಹೊಸದರ ಮೈಗೆ, ತುಕ್ಕು ಹಿಡಿಯದಿರಲೆಂದು ಸವರಿದ ಎಣ್ಣೆಯನ್ನು ದ್ರಾವಣ ಹಾಕಿ ತೊಳೆಯುತ್ತೇನೆ, ಬೀಗದ ಕೈ ಬಚ್ಚಿಡಬಹುದು, ಗಾಡಿ ಮಾರಬಹುದು, ಆಗ ಪಾಠದ ಹೊತ್ತಿಗೆ ಅಮ್ಮ ಗಾಡಿ ಹುಡುಕಿಕೊಂಡು ನಡೆದೇ ಹೊರಡುತ್ತಾಳೆ, ಹೊರಗಿನಿಂದ ಬಾಗಿಲಿಗೆ ಬೀಗ ಹಾಕಿ ಹೋಗಬಹುದು, ಹಾಕಿ ಹೋಗುತ್ತೇನೆಯೇ ನಾನು, ಇಲ್ಲ, ಸವೆದ ಪ್ಯಾಡನ್ನು ಕ್ಯಾಲಿಪರಿನ ಪಿಸ್ಟನ್ನಿನ ಮೇಲಿಟ್ಟು ಕ್ಲಾಂಪು ಬಿಗಿಯುತ್ತಾ ಬಂದರೆ ಅದು ಮೆಲ್ಲಗೆ ಒಳಗೆ ಸರಿಯುತ್ತದೆ, ಆತುರ ಮಾಡಿದರೆ ಸೀಲು ಹರಿಯುತ್ತದೆ, ಅಣ್ಣನ ಮನೆಯ ಕೆಳಗೇ ಅವನ ಅಂಗಡಿ, ಫೋಟೋಗಳಿಗೆ ಚೌಕಟ್ಟು ಹಾಕುತ್ತಾನೆ, ಅತ್ತಿಗೆ ಮನೆಯಲ್ಲೇ ಇರುತ್ತಾಳೆ, ಒಬ್ಬರಲ್ಲ ಒಬ್ಬರು ಕಣ್ಣಳತೆಯಲ್ಲಿ, ಮತ್ತು ಆ ಮನೆಯಲ್ಲಿ ಕಾರಿಲ್ಲ, ಓಡಿಸಲು ಬರದ ಮಗ, ಕೊನೆಗೂ ಒಂದು ಉಪಯೋಗಕ್ಕೆ ಬಂದ, ಹೊಸ ಪ್ಯಾಡಿನ ಮುಖವನ್ನು ಬೆರಳಿಂದ ಮುಟ್ಟಬಾರದು, ಗ್ರೀಸು ತಾಗಿದರೆ ಕೆಟ್ಟಿತು, ಕೂರಿಸಿದೆ, ಈ ಕಡೆ ಮುಗಿಯಿತು.

ಆ ಕಡೆಯದೂ ನೀಲಿಯೇ, ಅದನ್ನು ಕಳಚಿ ಕೈಯಲ್ಲಿ ಹಿಡಿದಿರುವಾಗ ಗೇಟಿನ ಚಿಲಕ ಸದ್ದಾಯಿತು, ಅಣ್ಣ, ಮೊದಲಿನ ಬಸ್ಸಿಗೇ ಬಂದುಬಿಟ್ಟಿದ್ದಾನೆ, ನಿಲ್ದಾಣದಿಂದ ನಡೆದು ಬೆವರಿದ್ದಾನೆ, ಏನೇ ಇದು, ಮೈಯೆಲ್ಲ ಗ್ರೀಸು, ಮೆಕ್ಯಾನಿಕ್ ಇಲ್ವಾ ಊರಲ್ಲಿ ಎಂದ, ಅಣ್ಣ, ಇಲ್ಲಿ ಬಾ, ಇದನ್ನ ನೋಡು, ನೋಡ್ದೆ, ಏನಾಗಿದೆ ಅದಕ್ಕೆ, ನೀಲಿ ಆಗಿದೆ, ಅವನ ಮುಖದಲ್ಲಿ ಏನೂ ಇಲ್ಲ, ಅವನಿಗೆ ಅದು ಬರೀ ಕಬ್ಬಿಣದ ತಟ್ಟೆ, ಸುಮ್ಮನಿದ್ದುಬಿಡಬಹುದಿತ್ತು ಆಗ, ಹೊಸತು ಹಾಕಿ ಹಳೆಯದನ್ನು ಗುಜರಿಗೆ ಎಸೆದರೆ ಮೂರನೆಯ ಪಿಳ್ಳೆಗೂ ಗೊತ್ತಾಗುವುದಿಲ್ಲ, ಬಾಯಿ ತಾನೇ ಹೇಳುತ್ತಿತ್ತು, ಅಮ್ಮ ಗಾಡಿ ಓಡಿಸ್ತಿದಾಳೆ ಅಣ್ಣ, ನಾನು ಇಲ್ಲದಾಗ, ಎಷ್ಟು ದಿನದಿಂದಾನೋ ಗೊತ್ತಿಲ್ಲ, ಪ್ಯಾಡು, ನೀಲಿ, ಸೀಟು ಎಂದೆಲ್ಲ ವಿವರಿಸುತ್ತ ಹೋದೆ, ಆಸ್ಪತ್ರೆಯಲ್ಲಿ ವರದಿ ಓದಿ ಹೇಳುವ ದನಿ, ಅವನು ನಡುವೆ ತಡೆದ, ಯಾರಿಗಾದ್ರೂ ಏನಾದ್ರೂ, ಇಲ್ಲ, ನೋಡ್ದೆ, ಒಂದು ಗೀರೂ ಇಲ್ಲ, ಸರಿಯಾಗಿ ನೋಡ್ದಾ, ಸರಿಯಾಗೇ ನೋಡ್ದೆ — ಅವನು ಬಯ್ಯಬೇಕಿತ್ತು, ನಾನು ಮೊದಲೇ ಹೇಳ್ದೆ ಎನ್ನಬೇಕಿತ್ತು, ಹೋಗಿ ಅಮ್ಮನ ಪಕ್ಕ ಮೆಟ್ಟಿಲ ಮೇಲೆ ಕೂತ, ಅಮ್ಮ ಅವನಿಗೊಂದು ಕಾಲುಚೀಲ ಕೊಟ್ಟಳು, ಅವನು ಅದರ ಜೋಡಿ ಹುಡುಕತೊಡಗಿದ, ಆಮೇಲೆ ಅಲ್ಲಿಂದಲೇ, ದಾರಿಯುದ್ದಕ್ಕೂ ನಿನ್ನ ಹತ್ರ ಜಗಳ ಆಡೋಕೆ ಮಾತು ಜೋಡಿಸ್ಕೊಂಡು ಬಂದಿದ್ದೆ ಕಣೇ ಎಂದ, ನಾನೂ ಎಂದೆ, ಈಗೇನು ಮಾಡೋಣ, ಇವತ್ತೇ ಕರ್ಕೊಂಡು ಹೋಗು, ಇವತ್ತೇನಾ, ನಾಳೆ ಅಂದ್ರೆ ನನ್ನ ಮನಸ್ಸು ಬದಲಾಗುತ್ತೆ, ಇದನ್ನ ಮುಗಿಸಿ ನಾನೇ ನಿಮ್ಮನೆ ತನಕ ಬಿಡ್ತೀನಿ, ಅವನು ಒಳಗೆ ಹೋಗಿ ಅಮ್ಮನ ಬಟ್ಟೆಗಳನ್ನು ಚೀಲಕ್ಕೆ ತುಂಬಿದ, ನಾನು ಉಳಿದ ಬೋಲ್ಟುಗಳನ್ನು ಬಿಗಿದೆ.

ಹೊರಡುವ ಮುಂಚೆ ಪೆಡಲನ್ನು ನಿಂತಲ್ಲೇ ಒತ್ತಿ ಒತ್ತಿ ಬಿಡಬೇಕು, ಮೊದಲ ಸಲ ನೆಲಮುಟ್ಟ ಇಳಿಯಿತು, ಏನೂ ಇಲ್ಲದ ಹಾಗೆ, ಆಮೇಲೆ ಸ್ವಲ್ಪ ತಡೆ, ಆಮೇಲೆ ಗಟ್ಟಿ, ಇದನ್ನು ಮರೆತು ರಸ್ತೆಗಿಳಿದವರು ಮೊದಲ ತಿರುವಿನಲ್ಲೇ ಕೆಟ್ಟರು, ಅಣ್ಣ ಚೀಲ ತಬ್ಬಿಕೊಂಡು ಹಿಂದೆ ಕೂತಿದ್ದಾನೆ, ಅಮ್ಮ ಪಕ್ಕದಲ್ಲಿ, ಎಲ್ಲಿಗೆ ಎಂದು ಕೇಳಲಿಲ್ಲ, ಕನ್ನಡಿ ಸರಿ ಮಾಡ್ಕೊಂಡ್ಯಾ ಎಂದು ಕೇಳಿದಳು, ಮಾಡ್ಕೊಂಡೆ ಅಮ್ಮ, ಹೊಸ ಪ್ಯಾಡು ಪಳಗಬೇಕು, ಖಾಲಿ ರಸ್ತೆಯಲ್ಲಿ ಸ್ವಲ್ಪ ವೇಗ, ಹಿಡಿತ, ಪೂರಾ ನಿಲ್ಲಿಸದೆ ಬಿಡುವುದು, ಮತ್ತೆ ವೇಗ, ಮತ್ತೆ ಹಿಡಿತ, ಕಾದ ಹೊಸ ಕಬ್ಬಿಣದ ವಾಸನೆ ಬರುತ್ತದೆ, ಬರಬೇಕು, ಕೆರೆಯಂಚಿನ ಗೋದಾಮುಗಳು ದಾಟಿದವು, ಪೆಟ್ರೋಲ್ ಬಂಕು ದಾಟಿತು, ಮುಂದೆ ಉದ್ದದ ಇಳಿಜಾರು, ಬುಡದಲ್ಲಿ ಸಿಗ್ನಲ್ಲು, ಕೆಂಪು, ನಾನು ಕಾಲನ್ನು ಪೆಡಲಿನ ಕಡೆ ಒಯ್ಯುತ್ತಿರುವಾಗ ಎಡಗಣ್ಣಿನ ಅಂಚಿನಲ್ಲಿ ಏನೋ ಅಲುಗಿತು, ಅಮ್ಮನ ಕಾಲು, ಬಿಳಿ ಕ್ಯಾನ್ವಾಸ್ ಶೂ, ಹೊರಡುವಾಗ ನಾನೇ ದಾರ ಕಟ್ಟಿದ್ದು, ಮ್ಯಾಟಿನ ಮೇಲೆ ಒತ್ತುತ್ತಿದೆ, ಅಲ್ಲಿ ಏನೂ ಇಲ್ಲ, ಬರೀ ರಬ್ಬರು ಮ್ಯಾಟು, ಗಾಬರಿಯಿಲ್ಲ ಅವಳ ಮುಖದಲ್ಲಿ, ಕಣ್ಣು ರಸ್ತೆಯ ಮೇಲೆ, ಕೈಗಳು ಮಡಿಲಲ್ಲಿ, ಕಾಲು ಮಾತ್ರ ಒಂದೇ ಹದದಲ್ಲಿ ಇಳಿಯುತ್ತಿದೆ, ನಾನು ಒತ್ತಿದೆ, ಗಾಡಿ ನಿಧಾನವಾಯಿತು, ಅವಳ ಹದಕ್ಕೆ ನನ್ನದು ಸೇರಿತು, ಇಷ್ಟು ಸಾಕಾ ಅಮ್ಮ ಎಂದು ನನ್ನ ಬಾಯಿಂದ ಬಂತು, ಇನ್ನೂ ಸ್ವಲ್ಪ, ಹೆದರ್ಬೇಡ, ನಾನು ಹಿಡ್ಕೊಂಡಿದೀನಿ, ಹಿಂದೆ ಅಣ್ಣ ಮೂಗು ಒರೆಸಿಕೊಂಡ, ಅಥವಾ ಸೀನಿದ, ಕನ್ನಡಿಯಲ್ಲಿ ನೋಡಲಿಲ್ಲ, ಗಾಡಿ ಗೆರೆಯ ಈಚೆಗೇ ನಿಂತಿದೆ, ಅಲುಗಾಟವಿಲ್ಲ, ಜನ ದಾಟುತ್ತಿದ್ದಾರೆ, ಸೈಕಲ್ಲು ತಳ್ಳುವವನು, ಕೊಡೆ ಹಿಡಿದವಳು, ಬಿಳಿ ಶೂ ಮ್ಯಾಟಿನ ಮೇಲೆ, ಎಲ್ಲರೂ ದಾಟಿದರು, ಹಸಿರು ಬಂತು, ನಾನು ಕಾಲೆತ್ತಬೇಕು, ಹಿಂದಿನ ಗಾಡಿಯವನು ಹಾರ್ನ್ ಹೊಡೆಯುತ್ತಿದ್ದಾನೆ, ಹೊರಡೇ ಎನ್ನುತ್ತಿದ್ದಾನೆ ಅಣ್ಣ, ಹೊರಡಬೇಕು, ಆದರೆ ಅವಳು ಇನ್ನೂ ಬಿಟ್ಟಿಲ್ಲ, ಬಿಳಿ ಶೂ, ಏನೂ ಇಲ್ಲದಲ್ಲಿ, ಒತ್ತಿ ಹಿಡಿದಿದೆ, ಬಿಳಿ ಶೂ, ಹಿಡಿದಿದೆ —