ವೆರೋನಾಳ ಹಿಂದಿನ ಜಗಲಿ

ಬರ್ನಡೀನ್ ಬ್ರೆಡ್ಡಿನ ಡಬ್ಬಿಯನ್ನು ಕೋಟಿನೊಳಗೆ ತುರುಕಿಕೊಂಡು ಗುಂಡಿ ಹಾಕಲು ಹೆಣಗುತ್ತಿದ್ದಳು.

"ಹೊಟ್ಟೆ ಒಳಗೆಳ್ಕೊಳ್ಳೇ," ಎಂದ, ಅಡುಗೆಮನೆಯ ಬಾಗಿಲಲ್ಲಿ ಕಾವಲು ನಿಂತಿದ್ದ ಕ್ಲೆಮೆಂಟ್.

"ಮದುವೆ ಆದಾಗಿಂದ ಎಳ್ಕೊಂಡೇ ಇದೀನಿ. ಡಬ್ಬಿ ದೊಡ್ಡದು ಕಣಯ್ಯ, ನನ್ನ ಹೊಟ್ಟೆಯಲ್ಲ."

ಹೊರಗೆ ಚರ್ಚಿಗೆ ಹೊರಟ ಕಾರುಗಳು ಎಂಜಿನ್ ಆರಿಸದೆ ನಿಂತಿದ್ದವು. ಈ ಮನೆಯ, ಈ ಡಬ್ಬಿಯ ಒಡತಿ ವೆರೋನಾ ಹುದಾಕ್ ಆಗಲೇ ಸೇಂಟ್ ಬಾರ್ಬರಾ ಚರ್ಚಿನಲ್ಲಿ, ಮುಚ್ಚಿದ ಪೆಟ್ಟಿಗೆಯೊಳಗೆ ಇವರಿಗಾಗಿ ಕಾಯುತ್ತಿದ್ದಳು.

"ಬರ್ನಿ ಆಂಟಿ, ಕೋಟಲ್ಲೇನದು?"

ಕ್ಲೆಮೆಂಟನ ಕಾವಲು ಅಷ್ಟರದೇ. ಅವನು ಮುಂದಿನ ಕಡೆ ಕಣ್ಣಿಟ್ಟು ನಿಂತಿದ್ದಾಗ ಡೆನ್ನಿಸ್ ಹಿಂಬಾಗಿಲಿನಿಂದ ಬಂದಿದ್ದ. ವೆರೋನಾಳ ತಂಗಿಯ ಮಗ. ಅವನು ‘ತೇಟಾ’ ಎಂದು ಕರೆಯುತ್ತಿದ್ದ, ಮಕ್ಕಳಿಲ್ಲದ ದೊಡ್ಡಮ್ಮನ ಮನೆ ಇನ್ನು ಅವನದು.

"ಬ್ರೆಡ್ಡು," ಎಂದಳು ಬರ್ನಡೀನ್.

"ಚರ್ಚಿಗೆ ಬ್ರೆಡ್ಡು ಯಾಕೆ?"

"ದುಃಖ ಆದ್ರೆ ನಂಗೆ ಹಸಿವಾಗುತ್ತೆ."

ಡೆನ್ನಿಸ್ ಡಬ್ಬಿಯನ್ನು ಮೆಲ್ಲಗೆ ಎಳೆದುಕೊಂಡು ಮುಚ್ಚಳ ತೆಗೆದ. ಒಳಗೆ ಹನಿ ಹಾಕುವ ಸಣ್ಣ ಸೀಸೆಗಳು, ಮುಲಾಮಿನ ಕರಡಿಗೆಗಳು, ಆವಿ ಎಳೆಯುವ ಪೆನ್ನುಗಳು. ಒಂದೊಂದಕ್ಕೂ ಬಿಳಿ ಪಟ್ಟಿ ಅಂಟಿಸಿ ವೆರೋನಾ ಅವರವರ ಹೆಸರು ಬರೆದಿದ್ದಳು. ಹಸಿ ಸೊಪ್ಪಿನ ಗಾಟು ಅಡುಗೆಮನೆಯನ್ನೆಲ್ಲ ತುಂಬಿತು.

ಡೆನ್ನಿಸ್ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಎರಡು ಹೆಜ್ಜೆ ಹಿಂದೆ ಸರಿದ. "ಗಾಂಜಾ! ತೇಟಾ ಮನೇಲಿ!"

"ಗಾಂಜಾ ಅಂತ ಬೊಬ್ಬೆ ಹಾಕ್ಬೇಡ್ವೋ, ಔಷಧಿ. ನೋಡು, ಕಾರ್ಡಿದೆ." ಕ್ಲೆಮೆಂಟ್ ಜೇಬಿನಿಂದ ತನ್ನ ಫೋಟೋ ಇದ್ದ ಕಾರ್ಡು ತೆಗೆದು ತೋರಿಸಿದ. "ರಾಜ್ಯ ಸರ್ಕಾರದ್ದು. ಫೋಟೋದಲ್ಲಿ ನಾನೇ ಕೈದಿ ಥರ ಕಾಣ್ತೀನಿ, ಅದು ಬೇರೆ ಮಾತು."

"ಅಂಕಲ್, ನಾನು ಕೆಲಸ ಮಾಡೋದು ಜೈಲಲ್ಲಿ. ಗೇಟಲ್ಲಿ ನಾಯಿ ಮೂಸುತ್ತೆ. ಬಟ್ಟೇಲಿ ವಾಸನೆ ಇದ್ರೂ ಮುಗೀತು." ಅವನ ದನಿ ಒರಟಾಗಿರಲಿಲ್ಲ, ಹೆದರಿತ್ತು. "ಇವತ್ತು ಊಟ ಮುಗಿಯೋದ್ರೊಳಗೆ ಇದು ಈ ಮನೇಲಿ ಇರಬಾರದು. ನಿಮ್ಮ ನಿಮ್ಮ ಮನೆಗೆ ತಗೊಂಡ್ಹೋಗಿ."

ಇಬ್ಬರೂ ಮುಖ ಮುಖ ನೋಡಿಕೊಂಡರು. ಅವರಿಂದ ಆಗದ ಕೆಲಸ ಅದೊಂದೇ ಆಗಿತ್ತು.

*

ರಸ್ತೆಯಾಚೆ ಎದ್ದು ನಿಂತಿದ್ದ ಏಳು ಮಹಡಿಯ ಹಿರಿಯರ ಅಪಾರ್ಟ್‌ಮೆಂಟು ಕೇಂದ್ರ ಸರ್ಕಾರದ ದುಡ್ಡಿನಲ್ಲಿ ನಡೆಯುವಂಥದು. ಈ ಊರಲ್ಲಿ ಮೊದಲು ಕಲ್ಲಿದ್ದಲ ಗಣಿ ಮುಚ್ಚಿತು, ಆಮೇಲೆ ಅಂಗಿ ಕಾರ್ಖಾನೆ ಮುಚ್ಚಿತು. ತೆರೆದದ್ದು ಜೈಲು ಮತ್ತು ಈ ಅಪಾರ್ಟ್‌ಮೆಂಟು. ಮಕ್ಕಳಿಗೆ ಅಲ್ಲಿ ಕೆಲಸ, ಮುದುಕರಿಗೆ ಇಲ್ಲಿ ಕೋಣೆ. ಗಣಿಯಲ್ಲಿ ಚಾವಣಿ ಕುಸಿದು ಎಡಗಾಲು ಕಳೆದುಕೊಂಡ ಕ್ಲೆಮೆಂಟನಿಗೂ, ಬೆನ್ನುಮೂಳೆ ಸವೆದ, ಅವನ ಪಕ್ಕದ ಕೋಣೆಯ ಬರ್ನಡೀನಳಿಗೂ ರಾಜ್ಯ ಸರ್ಕಾರ ನೋವಿಗೆಂದು ಕಾರ್ಡು ಕೊಟ್ಟಿತು. ಆ ಕಾರ್ಡಿನಿಂದ ತಂದ ಔಷಧಿ ಕೋಣೆಯಲ್ಲಿ ಸಿಕ್ಕರೆ ಅದನ್ನು ಇನ್ನೂ ಮಾದಕವಸ್ತುವೆಂದೇ ಎಣಿಸುವ ಕೇಂದ್ರ ಸರ್ಕಾರ ಕೋಣೆ ಖಾಲಿ ಮಾಡಿಸುತ್ತಿತ್ತು. ಒಂದೇ ದೇಶದ ಎರಡು ಕೈಗಳು. ಒಂದು ಮುಲಾಮು ಚಾಚುತ್ತಿತ್ತು, ಇನ್ನೊಂದು ಕತ್ತು ಹಿಡಿದಿತ್ತು.

ಮೊದಲು ಸಿಕ್ಕಿಬಿದ್ದವಳು ಎಡ್ನಾ. ಎಂಬತ್ತು ದಾಟಿದವಳು. ತಪಾಸಣೆಗೆ ಬಂದ ಮ್ಯಾನೇಜರ್ ಗೇಬಲ್ ಮೇಡಂಗೆ ಅವಳೇ ಸೀಸೆ ತೋರಿಸಿ, "ಇದ್ರಿಂದ ರಾತ್ರಿ ಒಳ್ಳೇ ನಿದ್ದೆ ಬರುತ್ತೆ ಕಣಮ್ಮಾ, ನೀನೂ ಒಂಚೂರು ನೋಡು," ಅಂದಿದ್ದಳು. ಗೇಬಲ್ ಮೇಡಂ ಕೆಟ್ಟವಳಲ್ಲ. ಅತ್ತುಕೊಂಡೇ ನೋಟಿಸು ಕೊಟ್ಟಳು. ನೋಟಿಸು ಕೊಟ್ಟವರು ಅತ್ತರೆ ಬೀದಿಗೆ ಬಿದ್ದವರಿಗೆ ಬೆಚ್ಚಗಾಗುತ್ತದೆಯೆ? ಎಡ್ನಾ ದೂರದ ಊರಿನಲ್ಲಿ ಮಗಳ ಮನೆಯ ನೆಲಮಾಳಿಗೆ ಸೇರಿದಳು.

ಅವಳ ಸಾಮಾನು ಲಾರಿಗೆ ಏರಿದ ದಿನ ವೆರೋನಾ ರಸ್ತೆ ದಾಟಿ ಬಂದಳು. ಸಣ್ಣ ಆಳು. ಜೀವಮಾನವೆಲ್ಲ ಅಂಗಿಯ ಕಾಲರು ಹೊಲಿದು ಬೆರಳುಗಳು ಶುಂಠಿಯಂತೆ ತಿರುಚಿಕೊಂಡಿದ್ದವು.

"ನಿಮ್ಮದನ್ನೆಲ್ಲ ತಂದು ನನ್ನ ಬ್ರೆಡ್ ಡಬ್ಬೀಲಿಡಿ," ಎಂದಳು. "ಮನೆ ನಂದು. ಯಾವ ಸರ್ಕಾರದ ಬಾಡಿಗೇನೂ ಇಲ್ಲ. ನಂಗೂ ಕಾರ್ಡಿದೆ. ಬೇಕಾದಾಗ ಬನ್ನಿ, ಹಿಂದಿನ ಜಗಲೀಲಿ ಕೂತು ತಗೊಂಡು ಹೋಗಿ."

"ಹಾಗಾದ್ರೆ ಬ್ರೆಡ್ಡು ಎಲ್ಲಿಡ್ತೀಯೇ?" ಎಂದು ಕೇಳಿದ್ದಳು ಬರ್ನಡೀನ್.

"ಹೊಟ್ಟೇಲಿ."

*

ಚರ್ಚಿನಲ್ಲಿ ಪಾದ್ರಿ ವೆರೋನಾಳನ್ನು "ಮೌನವಾಗಿ ಬಾಳಿದ ಮಹಿಳೆ" ಎಂದರು.

"ಯಾರ ಬಗ್ಗೆ ಹೇಳ್ತಿದಾರೆ ಇವ್ರು?" ಎಂದಳು ಬರ್ನಡೀನ್, ಮುಂದಿನ ಸಾಲಿಗೂ ಕೇಳುವಂತೆ. ಡೆನ್ನಿಸ್ ತಲೆ ತಗ್ಗಿಸಿದ. ಅವನ ಭುಜ ಕುಲುಕಿದ್ದು ಅಳುವಿಗೋ ನಗುವಿಗೋ ಕ್ಲೆಮೆಂಟನಿಗೆ ತಿಳಿಯಲಿಲ್ಲ.

*

ಕಾರ್ಡು ಬದುಕುವುದು ಒಂದು ವರ್ಷ. ಮತ್ತೆ ಡಾಕ್ಟರ ಮುಂದೆ ಕೂತು, ನೋವು ಇನ್ನೂ ಇದೆ ಎಂದು ಒಪ್ಪಿಸಿ, ಸಹಿ ಹಾಕಿಸಿಕೊಂಡು ನವೀಕರಿಸಬೇಕು. ಎಲೆ ಕೆಂಪಾಗುವ ಕಾಲಕ್ಕೆ ವೆರೋನಾ ತನ್ನ ಹಳೆಯ ಕಾರು ಹೊರಡಿಸುತ್ತಿದ್ದಳು. ಸ್ಟಿಯರಿಂಗಿನ ಮೇಲೆ ಅವಳ ತಲೆ ಕಾಣುತ್ತಿರಲಿಲ್ಲ. ಎದುರಿನಿಂದ ಬರುವವರಿಗೆ ಆ ಕಾರನ್ನು ಯಾರೂ ಓಡಿಸುತ್ತಿಲ್ಲವೆಂದೇ ಅನಿಸುತ್ತಿತ್ತು.

ಕಳೆದ ಸಲ ಡಾಕ್ಟರು ಹೊಸಬ, ಎಳೆಯ ಹುಡುಗ. ಕಂಪ್ಯೂಟರಿನಿಂದ ಕಣ್ಣೆತ್ತದೆ ಕ್ಲೆಮೆಂಟನನ್ನು ಕೇಳಿದ, "ಹೋದ ವರ್ಷಕ್ಕಿಂತ ನಿಮ್ಮ ಸ್ಥಿತಿಯಲ್ಲಿ ಏನಾದ್ರೂ ಬದಲಾವಣೆ?"

ಕ್ಲೆಮೆಂಟ್ ಪ್ಯಾಂಟು ಮಡಚಿ, ಪಟ್ಟಿ ಬಿಚ್ಚಿ, ಪ್ಲಾಸ್ಟಿಕ್ ಕಾಲನ್ನು ಬೂಟಿನ ಸಮೇತ ಮೇಜಿನ ಮೇಲಿಟ್ಟ. "ಇನ್ನೂ ಬೆಳೆದಿಲ್ಲ ಡಾಕ್ಟ್ರೇ. ದಿನಾ ನೀರು ಹಾಕ್ತಾ ಇದೀನಿ."

ಹುಡುಗ ಕೆಂಪಾದ. ಸಹಿ ಹಾಕಿದ. ಆಮೇಲೆ ವೆರೋನಾಳತ್ತ ತಿರುಗಿದ. "ನಿಮ್ಮ ನೋವು ಹತ್ತರಲ್ಲಿ ಎಷ್ಟು, ಅಮ್ಮಾ?"

ವೆರೋನಾ ಮೇಜಿನ ಮೇಲೆ ಬಗ್ಗಿ, ತಿರುಚಿದ ಬೆರಳುಗಳಿಂದ ಅವನ ಅಂಗಿಯ ಕಾಲರನ್ನು ಹಿಡಿದು ಒಳಮಗ್ಗುಲು ತಿರುಗಿಸಿ ನೋಡಿದಳು. "ಹೊಲಿಗೆ ಸಡಿಲ. ಇದನ್ನ ಹೊಲಿದವಳಿಗೂ ನಾಳೆ ಬೆರಳು ನೋಯುತ್ತೆ. ಹತ್ತಕ್ಕೆ ಎಷ್ಟು ಅಂತ ಅವಳನ್ನ ಯಾರು ಕೇಳ್ತಾರೆ, ಹೇಳಿ?"

ವಾಪಸ್ ಬರುವಾಗ ಮೂವರೂ ದಾರಿಯಲ್ಲಿ ಪೈ ತಿಂದರು. ಬರ್ನಡೀನ್ ಎರಡು ತಿಂದಳು. ಮೂರು ಕಾರ್ಡು, ಇನ್ನೊಂದು ವರ್ಷ. ಅಷ್ಟು ಹಗುರಾದ ದಿನ ತಮ್ಮ ವಯಸ್ಸಿಗೆ ಸಿಗುವುದು ಅಪರೂಪವೆಂದು ಮೂವರಿಗೂ ಗೊತ್ತಿತ್ತು.

*

ಮಣ್ಣು ಮುಗಿಸಿ ಬಂದವರಿಗೆ ವೆರೋನಾಳ ಮನೆಯಲ್ಲೇ ಊಟ. ಎಲೆಕೋಸು ಹಾಕಿ ಬೆಣ್ಣೆಯಲ್ಲಿ ಬಾಡಿಸಿದ ನೂಡಲ್ಸು, ಹಂದಿಮಾಂಸ, ಆಕ್ರೋಟಿನ ರೊಟ್ಟಿ. ಜನ ಉಂಡು, ನಕ್ಕು, ಒಬ್ಬೊಬ್ಬರೇ ಹೊರಟರು. ಕೊನೆಗೆ ಉಳಿದದ್ದು ಡೆನ್ನಿಸ್, ಕ್ಲೆಮೆಂಟ್, ಬರ್ನಡೀನ್ ಮತ್ತು ಮೇಜಿನ ನಡುವೆ ಆ ಡಬ್ಬಿ.

"ಸೋಮವಾರ ಗೇಬಲ್ ಮೇಡಂ ತಪಾಸಣೆ ಇದೆ," ಎಂದಳು ಬರ್ನಡೀನ್. "ಅಲ್ಲಿಗೆ ಒಯ್ದ್ರೆ ಕೋಣೆ ಹೋಗುತ್ತೆ. ಚರಂಡಿಗೆ ಸುರಿದ್ರೆ ನಿದ್ದೆ ಹೋಗುತ್ತೆ. ಯಾವ್ದು ಕಳ್ಕೋಬೇಕು, ನೀನೇ ತೀರ್ಪು ಕೊಡಪ್ಪಾ."

"ನನ್ನ ಬ್ಲಾಕಲ್ಲಿ ಇದೇ ಸೊಪ್ಪಿಗೆ ಒಳಗೆ ಬಂದ ಹುಡುಗ್ರಿದಾರೆ ಆಂಟಿ. ಹಗಲೆಲ್ಲ ಅವ್ರನ್ನ ಕೂಡಿಹಾಕಿ, ಸಂಜೆ ಬಂದು ಇದನ್ನ ಕಾಯ್ಲಾ?"

"ಅವ್ರನ್ನ ಕೂಡಿಹಾಕಿದ್ದು ಸರಿ ಅಂತ ನಿನ್ನ ತೇಟಾ ಯಾವತ್ತಾದ್ರೂ ಹೇಳಿದ್ಲಾ?"

ಡೆನ್ನಿಸ್ ಕ್ಲೆಮೆಂಟನತ್ತ ತಿರುಗಿದ. ಗುಡ್ಡದ ಸ್ಮಶಾನದಲ್ಲಿ ಬಹಳ ಹೊತ್ತು ನಿಂತಿದ್ದ ಅವನು ಈಗ ಕುರ್ಚಿಯಲ್ಲಿ ಕೂತು, ಮುಖ ಬಿಳಿಚಿ, ಮುಂದಕ್ಕೆ ಬಗ್ಗಿದ್ದ. ಪ್ಲಾಸ್ಟಿಕ್ ಕಾಲಿನ ಬೂಟನ್ನು, ಅದರ ಮುಂಭಾಗವನ್ನು, ಎರಡೂ ಕೈಯಲ್ಲಿ ಒತ್ತಿ ಒತ್ತಿ ತಿಕ್ಕುತ್ತಿದ್ದ.

ಡೆನ್ನಿಸ್ ಅವನ ಪಕ್ಕ ಮಂಡಿಯೂರಿದ. "ಅಂಕಲ್, ಎಲ್ಲಿ ನೋವು?"

"ಹೆಬ್ಬೆರಳು."

"ಹೆಬ್ಬೆರಳು ಇಲ್ವಲ್ಲ ಅಂಕಲ್."

"ಅದಕ್ಕೆ ಅದು ಗೊತ್ತಿಲ್ಲ ಕಣೋ," ಎಂದ ಕ್ಲೆಮೆಂಟ್, ಹಲ್ಲು ಕಚ್ಚಿ ನಗಲು ನೋಡುತ್ತಾ. "ಯಾರೂ ತಿಳಿಸೇ ಇಲ್ಲ ಅದಕ್ಕೆ."

ಡೆನ್ನಿಸ್ ಸ್ವಲ್ಪ ಹೊತ್ತು ಆ ಬೂಟನ್ನೇ ನೋಡಿದ. ಆಮೇಲೆ ಎದ್ದು, ವಾಸನೆ ಹಿಡಿಯದಂತೆ ತನ್ನ ಕೋಟು ತೆಗೆದು ಒಳಕೋಣೆಯ ಕಪಾಟಿನಲ್ಲಿಟ್ಟು ಬಾಗಿಲು ಭದ್ರ ಮಾಡಿದ. ಪಾತ್ರೆ ತೊಳೆಯುವ ರಬ್ಬರ್ ಗ್ಲೌಸು ಹಾಕಿಕೊಂಡ. ಡಬ್ಬಿಯನ್ನು ಮಗುವಿನ ಒದ್ದೆ ಚಡ್ಡಿಯಂತೆ ದೂರ ಹಿಡಿದು ಹಿಂದಿನ ಜಗಲಿಗೆ ಒಯ್ದ.

"ಇನ್ಮೇಲೆ ಇದು ಹೊರಗಿನ ಶೆಡ್ಡಲ್ಲಿ," ಎಂದ. "ನಾನು ಡ್ಯೂಟಿಯಿಂದ ಬಂದ್ಮೇಲೆ ಬನ್ನಿ. ನಾನು ಹಿತ್ತಲಿಗೆ ಬರಲ್ಲ. ಏನೂ ನೋಡಿಲ್ಲ."

"ಎಲೆ ಕೆಂಪಾದಾಗ ಡಾಕ್ಟ್ರ ಹತ್ರ ಯಾರು ಕರ್ಕೊಂಡು ಹೋಗ್ತಾರೆ?" ಬರ್ನಡೀನ್ ಬಿಡುವವಳಲ್ಲ.

"ನಾನೇ. ಆದ್ರೆ ನನ್ನ ಕಾರಲ್ಲಲ್ಲ, ತೇಟಾ ಕಾರಲ್ಲಿ."

"ನಿನ್ನ ತಲೆ ಸ್ಟಿಯರಿಂಗಿನ ಮೇಲೆ ಕಾಣುತ್ತಲ್ಲೋ. ಊರವ್ರು ಗಾಬರಿ ಬಿದ್ದಾರು."

ಜಗಲಿಯ ಬೆಂಚಿನಲ್ಲಿ ಬಿಸಿಲಿತ್ತು. ಕ್ಲೆಮೆಂಟ್ ತನ್ನ ಹೆಸರಿನ ಸೀಸೆ ಹುಡುಕಿ ನಾಲಿಗೆಯಡಿ ಹನಿ ಬಿಟ್ಟುಕೊಂಡು ಕಣ್ಣು ಮುಚ್ಚಿದ. ಬರ್ನಡೀನ್ ಪೆನ್ನು ಎಳೆದಳು. ಬಿಳಿ ಆವಿ ವೆರೋನಾಳ ಟೊಮೇಟೊ ಸಾಲುಗಳ ಮೇಲೆ ನಿಧಾನಕ್ಕೆ ಹರಡಿತು.

ಆಗಲೇ ರಸ್ತೆ ದಾಟಿ ಬರುತ್ತಿದ್ದಳು ಗೇಬಲ್ ಮೇಡಂ, ಕಪ್ಪು ಉಡುಪಿನಲ್ಲಿ, ಕೈಯಲ್ಲಿ ದಪ್ಪ ಬಟ್ಟೆಯಿಂದ ಹಿಡಿದ ಗಾಜಿನ ಪಾತ್ರೆ. ಮುಂದಿನ ಕಿಟಕಿಯಿಂದ ಅವಳನ್ನು ಕಂಡ ಡೆನ್ನಿಸ್ ಗ್ಲೌಸು ಕಿತ್ತೆಸೆದು ಗೇಟಿಗೆ ಓಡಿದ.

"ಚರ್ಚಿಗೆ ಬರೋಕಾಗ್ಲಿಲ್ಲ ಡೆನ್ನಿಸ್. ಈಗಷ್ಟೇ ಓವನ್ನಿಂದ ತೆಗೆದೆ. ಒಳಗಿಡ್ಲಾ?"

"ಬೇಡ ಮೇಡಂ, ಇಲ್ಲೇ ಕೊಡಿ." ಪಾತ್ರೆಯನ್ನು ಬರಿಗೈಯಲ್ಲಿ ತೆಗೆದುಕೊಂಡ. ಕಾಲು ಅಗಲಿಸಿ, ಗೇಟಿನ ಅಗಲಕ್ಕೂ ನಿಂತ. ಜೈಲಿನ ಅಂಗಳದಲ್ಲಿ ನಿಲ್ಲುವ ಹಾಗೆಯೇ, ಆದರೆ ಬೆನ್ನು ಮನೆಯ ಕಡೆಗೆ, ಮುಖ ರಸ್ತೆಯ ಕಡೆಗೆ. "ಇದ್ರಲ್ಲಿ ಏನೇನು ಹಾಕಿದೀರಿ, ಹೇಳಿ ಮೇಡಂ. ನಿಧಾನಕ್ಕೆ ಹೇಳಿ."

ಅವಳು ಆಲೂಗಡ್ಡೆಯಿಂದ ಶುರು ಮಾಡಿದಳು. ಹಿತ್ತಲಿನಿಂದ ಬರ್ನಡೀನಳ ನಗು ಕೇಳಿಸಿತು. ಪಾತ್ರೆ ಕೈ ಸುಡುತ್ತಿತ್ತು. ಡೆನ್ನಿಸ್ ಅದನ್ನು ಒಂದು ಅಂಗೈಯಿಂದ ಇನ್ನೊಂದಕ್ಕೆ, ಮತ್ತೆ ಮೊದಲಿನದಕ್ಕೆ ಬದಲಾಯಿಸುತ್ತಾ ತಲೆಯಾಡಿಸುತ್ತಿದ್ದ. ಗೇಟು ಬಿಟ್ಟು ಕದಲಲಿಲ್ಲ.